ಆಮೆಗೊಂದು ವಿಳಾಸ

ಗಾಯವಾದ ಆಮೆಯನ್ನು ಯಾರಾದರೂ ತಂದುಕೊಟ್ಟರೆ ಪಶುವೈದ್ಯ ಓದುವ ಈ ಹುಡುಗರು ಮೊದಲು ಕೇಳುವುದು "ಏನಾಯ್ತು" ಅಂತಲ್ಲ, "ಎಲ್ಲಿ ಸಿಕ್ತು" ಅಂತ. ಏನಾಯ್ತು ಅನ್ನೋದು ನೋಡಿದರೇ ಗೊತ್ತಾಗುತ್ತದೆ. ಬೆನ್ನಿನ ಚಿಪ್ಪು ಬಿರಿದಿದ್ದರೆ ಗಾಡಿಯ ಟೈರು. ಬಾಯಿಂದ ದಾರ ಜೋತಾಡುತ್ತಿದ್ದರೆ ಗಾಳ. ಹಿಂಗಾಲು ಕಚ್ಚಿ ಹರಿದಿದ್ದರೆ ನಾಯಿ. ಒಂದು ಮಗ್ಗುಲು ನೇರವಾಗಿ ಸೀಳಿದ್ದರೆ ಜೆಸಿಬಿ. ಎಲ್ಲಿ ಅನ್ನೋದನ್ನು ಮಾತ್ರ ತಂದವರೇ ಹೇಳಬೇಕು. ಎಷ್ಟೋ ಸಲ ಅವರಿಗೆ ನೆನಪೇ ಇರುವುದಿಲ್ಲ.

ಹಾಸನದಲ್ಲಿ ನಮ್ಮ ಮನೆಯ ಮಹಡಿಯನ್ನು ಪಶುವೈದ್ಯ ಓದುವ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ನಾನು ಪಿಯು ಕಾಲೇಜಿನಲ್ಲಿ ಅಕೌಂಟೆನ್ಸಿ ಪಾಠ ಮಾಡುವವಳು. ಆಮೆಗೂ ನನಗೂ ಯಾವ ಸಂಬಂಧವೂ ಇರಲಿಲ್ಲ. ಒಂದು ರಾತ್ರಿ ಬಟ್ಟೆ ನೆನೆಸುವ ದೊಡ್ಡ ಟಬ್ ಇದ್ದರೆ ಕೊಡಿ ಆಂಟಿ ಅಂತ ಕೇಳಿಕೊಂಡು ಬಂದರು. ಕೊಟ್ಟೆ. ಟಬ್ ವಾಪಸ್ ಬರಲಿಲ್ಲ. ಕೇಳೋಣ ಅಂತ ಹೋದವಳು ಹಾಗೇ ಸಿಕ್ಕಿಹಾಕಿಕೊಂಡೆ. ಈಗ ನನ್ನ ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಯಾವಾಗಲೂ ಒಂದೆರಡು ರಟ್ಟಿನ ಡಬ್ಬ, ಹಳೇ ಟವೆಲ್, ಹಳೇ ಪೇಪರ್ ಇರುತ್ತವೆ. ನಮ್ಮ ಯಜಮಾನರು ಕಾರಿಗೆ ಆಂಬುಲೆನ್ಸ್ ಅಂತಲೇ ಹೆಸರಿಟ್ಟಿದ್ದಾರೆ.

ಇದೇನೋ ದೊಡ್ಡ ಸಂಸ್ಥೆ ಅಂದುಕೊಳ್ಳಬೇಡಿ. ಬೋರ್ಡಿಲ್ಲ, ಆಫೀಸಿಲ್ಲ. ಒಂದು ವಾಟ್ಸಾಪ್ ಗುಂಪು, ಸರದಿ ಪ್ರಕಾರ ಬಂದು ಗಾಯ ತೊಳೆಯುವ ಹತ್ತಾರು ಹುಡುಗರು, ತಪ್ಪು ಮಾಡಿದರೆ ಬೈಯುವ ಒಬ್ಬರು ಮೇಷ್ಟ್ರು. ಔಷಧ ಏನು, ಎಷ್ಟು ಅಂತ ಬರೆಯುವುದು ಅವರೇ. ಆಮೆ ಬಂದ ಕೂಡಲೇ ಅರಣ್ಯ ಇಲಾಖೆಗೆ ತಿಳಿಸುತ್ತಾರೆ. ಇದು ಸುಮ್ನೆ ಮರ್ಯಾದೆಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇಂಥ ಪ್ರಾಣಿ ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅಧಿಕಾರಿಗೋ ತಿಳಿಸಬೇಕು. ಪ್ರೀತಿಯಿಂದ ಸಾಕಿಕೊಂಡೆ ಅಂದರೂ ನಡೆಯುವುದಿಲ್ಲ. ಯಾರ ನಂಬರೂ ಗೊತ್ತಿಲ್ಲದವರು ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಬಹುದು.

ನಮ್ಮ ಕಡೆ ಸಿಗುವ ಆಮೆಗಳು ಮುಖ್ಯವಾಗಿ ಮೂರು ಥರ. ಕೆರೆ, ಗದ್ದೆ, ತೋಟದ ಹಳ್ಳಗಳಲ್ಲಿ ಇರುವ ಕಪ್ಪು ಚಿಪ್ಪಿನ ಆಮೆ ಒಂದು. ಇದು ಮಲೆನಾಡಿನಲ್ಲೂ ಸಿಗುತ್ತದೆ, ಬಯಲುಸೀಮೆಯಲ್ಲೂ ಸಿಗುತ್ತದೆ. ಎರಡನೆಯದು ಮೆದುಚಿಪ್ಪಿನ ಆಮೆ. ಇದರ ಬೆನ್ನು ಗಟ್ಟಿ ಬಿಲ್ಲೆಗಳಿಂದ ಆಗಿದ್ದಲ್ಲ. ಒಳಗೆ ಮೂಳೆ, ಮೇಲೆ ನುಣುಪಾದ ಚರ್ಮ. ಹೊಟ್ಟೆಯ ಕಡೆ ಹಿಂಗಾಲಿನ ಹತ್ತಿರ ಎರಡು ಮುಚ್ಚಳಗಳಿವೆ. ಕಾಲು ಒಳಗೆಳೆದುಕೊಂಡರೆ ಅವು ಮುಚ್ಚಿಕೊಳ್ಳುತ್ತವೆ. ನೋಡಲು ಪಾಪದ್ದು ಅನ್ನಿಸುತ್ತದೆ. ಕತ್ತು ಉದ್ದ, ಹಿಡಿದವರ ಬೆರಳು ಎಲ್ಲಿದೆ ಅಂತ ಅದಕ್ಕೆ ಚೆನ್ನಾಗಿ ಗೊತ್ತು. ಮೂರನೆಯದು ನಕ್ಷತ್ರ ಆಮೆ. ಇದಕ್ಕೆ ನೀರಲ್ಲ, ಕುರುಚಲು ಕಾಡು ಮತ್ತು ಹುಲ್ಲು ಬೇಕು. ಅರಸೀಕೆರೆ, ಕಡೂರು ಕಡೆಯ ಒಣ ನೆಲ ಅದಕ್ಕೆ ಸರಿ. ಸಕಲೇಶಪುರದ ಮಳೆಯಲ್ಲಿ ಬಿಟ್ಟರೆ ಪಾಪ ಬದುಕುವುದು ಕಷ್ಟ. ಒಂದೇ ಜಿಲ್ಲೆಯೊಳಗೆ ಇಷ್ಟು ವ್ಯತ್ಯಾಸ ಇರುವಾಗ "ಆಮೆ ತಾನೇ, ಯಾವುದಾದರೂ ಕೆರೆಗೆ ಬಿಡ್ರಿ" ಅನ್ನುವ ಮಾತು ಕೇಳಿದರೆ ಮೇಷ್ಟ್ರಿಗೆ ಸಿಟ್ಟು ಬರುವುದು ಸಹಜ. ನಕ್ಷತ್ರ ಆಮೆಯನ್ನು ಕೆರೆಗೆ ಎಸೆದರೆ ಅದು ಮುಳುಗಿ ಸಾಯುತ್ತದೆ.

ಮಳೆ ಶುರುವಾದರೆ ಫೋನೂ ಶುರು. ನೀರು ಬಂತು ಅಂತ ಆಮೆಗಳು ಒಂದು ಕೆರೆಯಿಂದ ಇನ್ನೊಂದಕ್ಕೆ, ಗದ್ದೆಯಿಂದ ಹಳ್ಳಕ್ಕೆ ಹೊರಡುತ್ತವೆ. ಮಧ್ಯದಲ್ಲಿ ರಸ್ತೆ. ಬೆಂಗಳೂರು–ಮಂಗಳೂರು ಹೆದ್ದಾರಿ ಅಗಲವಾದ ಮೇಲೆ ದಾಟಬೇಕಾದ ಡಾಂಬರೂ ಜಾಸ್ತಿಯಾಯಿತು, ಮಧ್ಯೆ ಡಿವೈಡರ್ ಗೋಡೆಯೂ ಬಂತು. ನಾಯಿಯಾದರೆ ಹಾರುತ್ತದೆ. ಆಮೆ ಗೋಡೆಗೆ ಮೂತಿ ತಾಗಿಸಿಕೊಂಡು ಅದರ ಉದ್ದಕ್ಕೂ ನಡೆಯುತ್ತದೆ. ಹೆದರಿದರೆ ಓಡುವ ಬದಲು ಒಳಗೆ ಸೇರಿಕೊಳ್ಳುವುದು ಅದರ ಬುದ್ಧಿ. ಕೋಟ್ಯಂತರ ವರ್ಷ ಕಾಪಾಡಿದ ಬುದ್ಧಿ ಲಾರಿಯ ಎದುರು ಕೆಲಸಕ್ಕೆ ಬರುವುದಿಲ್ಲ.

ಮೊಟ್ಟೆ ಇಡಲು ನೀರು ಬಿಟ್ಟು ದೂರ ಬರುವುದು ಹೆಣ್ಣು. ಅಮೆರಿಕದಲ್ಲಿ ಕೆರೆ-ಹೊಳೆ ಆಮೆಗಳ ಮೇಲೆ ನಡೆದ ಅಧ್ಯಯನಗಳಲ್ಲಿ ರಸ್ತೆಗೆ ಬಲಿಯಾಗುವವುಗಳಲ್ಲಿ ಹೆಣ್ಣೇ ಜಾಸ್ತಿ ಅಂತ ಕಂಡಿದೆ. ಅದು ಯಾಕೆ ದೊಡ್ಡ ವಿಷಯ ಅಂದರೆ, ಆಮೆ ಬೆಳೆದು ಮೊಟ್ಟೆ ಇಡುವ ವಯಸ್ಸಿಗೆ ಬರಲು ಎಷ್ಟೋ ವರ್ಷ ಬೇಕು. ಇಟ್ಟ ಮೊಟ್ಟೆಗಳಲ್ಲಿ ಬಹುಪಾಲು ಮುಂಗುಸಿ, ಉಡ, ನಾಯಿಗಳ ಪಾಲು. ಒಡೆದು ಬಂದ ಮರಿಗಳಲ್ಲಿ ಬಹುಪಾಲು ಕೊಕ್ಕರೆಯ ಪಾಲು. ಹಾಗಾಗಿ ಒಂದು ಹೆಣ್ಣಾಮೆ ಹತ್ತಾರು ವರ್ಷ ಮೊಟ್ಟೆ ಇಡುತ್ತಲೇ ಇದ್ದರೆ ಮಾತ್ರ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ. ಮರಿಗಳು ಸತ್ತರೂ ಆಮೆಗಳ ಲೆಕ್ಕ ಸರಿಹೋಗುತ್ತದೆ. ವರ್ಷಕ್ಕೆ ಕೆಲವೇ ದೊಡ್ಡ ಹೆಣ್ಣುಗಳು ಸತ್ತರೂ ಆ ಕೆರೆಯ ಲೆಕ್ಕ ತಪ್ಪುತ್ತದೆ. ತಪ್ಪಿದ್ದು ಗೊತ್ತಾಗುವ ಹೊತ್ತಿಗೆ ಹತ್ತಿಪ್ಪತ್ತು ವರ್ಷ ಆಗಿರುತ್ತದೆ, ಯಾಕೆಂದರೆ ಉಳಿದ ಮುದಿ ಆಮೆಗಳು ಬಿಸಿಲು ಕಾಯುತ್ತಾ ಕಾಣಿಸುತ್ತಲೇ ಇರುತ್ತವೆ. ಹಾಗಾಗಿ "ಒಂದು ಆಮೆಗೆ ಇಷ್ಟೆಲ್ಲ ಯಾಕೆ" ಅನ್ನುವವರಿಗೆ ಈ ಹುಡುಗರ ಹತ್ತಿರ ಉತ್ತರ ಇದೆ. ಅದು ಯಾವ ಆಮೆ ಅನ್ನೋದರ ಮೇಲೆ ಹೋಗುತ್ತದೆ.

ಚಿಕಿತ್ಸೆ ನೋಡಿದ ಮೇಲೆ ನನಗೆ ಆದ ಮೊದಲ ಆಶ್ಚರ್ಯ ಅಂದರೆ, ಅಲ್ಲಿ ಅವಸರವೇ ಇಲ್ಲ. ಮನುಷ್ಯನಿಗೆ ಆಕ್ಸಿಡೆಂಟ್ ಆದರೆ ಓಡಾಡುತ್ತಾರೆ. ಇಲ್ಲಿ ರಕ್ತ ನಿಲ್ಲಿಸಿ, ಗಾಯ ತೊಳೆದು, ನೋವಿಗೆ ಇಂಜೆಕ್ಷನ್ ಕೊಟ್ಟು, ಮೈಗೆ ನೀರಿನಂಶ ಹೋಗುವ ಹಾಗೆ ಮಾಡಿ, ಕತ್ತಲಿರುವ ಡಬ್ಬದಲ್ಲಿ ಸುಮ್ಮನೆ ಬಿಡುತ್ತಾರೆ. ಒಡೆದ ಚಿಪ್ಪನ್ನು ಜೋಡಿಸುವುದು ಒಂದೆರಡು ದಿನ ಕಳೆದು ಅದು ಚೇತರಿಸಿಕೊಂಡ ಮೇಲೆ. ನೀರಾಮೆ ತಾನೇ ಅಂತ ನೀರಿನ ಬಕೆಟ್‌ಗೆ ಹಾಕಿ ತರುವವರು ಬಹಳ. ಅದು ಬೇಡ. ಶಕ್ತಿ ಇಲ್ಲದ ಆಮೆ ನೀರಲ್ಲಿ ತಲೆ ಎತ್ತಲಾಗದೆ ಮುಳುಗುತ್ತದೆ. ಒಡೆದ ಚಿಪ್ಪಿನೊಳಗೆ ಕೊಳೆ ನೀರು ಹೋದರೆ ಕೀವಾಗುತ್ತದೆ. ಒದ್ದೆ ಬಟ್ಟೆ, ರಟ್ಟಿನ ಡಬ್ಬ, ಉಸಿರಿಗೆ ಮುಚ್ಚಳದಲ್ಲಿ ನಾಲ್ಕು ತೂತು, ಅಷ್ಟು ಸಾಕು. ಬಾಳೆಹಣ್ಣು, ಅನ್ನ, ಬಿಸ್ಕತ್ತು ಏನೂ ಹಾಕಬಾರದು. ಅಂದಹಾಗೆ, ನಮ್ಮ ಜನಕ್ಕೆ ಗಾಯವಾದ ಯಾವ ಪ್ರಾಣಿ ಕಂಡರೂ ಮೊದಲು ಪಾರ್ಲೆ-ಜಿ ನೆನಪಾಗುವುದು ಯಾಕೋ ನನಗಿನ್ನೂ ಅರ್ಥವಾಗಿಲ್ಲ.

ಚಿಪ್ಪು ಅಂದರೆ ಆಮೆ ಹೊತ್ತುಕೊಂಡ ಮನೆ ಅಂತ ಚಿಕ್ಕವರಿದ್ದಾಗ ಓದಿದ್ದೆವು. ಅದು ತಪ್ಪು. ಅದು ಅದರ ಬೆನ್ನುಮೂಳೆ ಮತ್ತು ಪಕ್ಕೆಲುಬು. ಪಕ್ಕೆಲುಬುಗಳು ಅಗಲವಾಗಿ ಹರಡಿ ಕೂಡಿಕೊಂಡು ಗುಮ್ಮಟದ ಹಾಗಾಗಿವೆ. ಮೇಲಿನ ಬಿಲ್ಲೆಗಳು ನಮ್ಮ ಉಗುರು ಇರುವ ವಸ್ತುವಿನಿಂದಲೇ ಆದವು. ಚಿಪ್ಪಿಗೆ ನರ ಇದೆ, ರಕ್ತ ಹರಿಯುತ್ತದೆ. ಮುಟ್ಟಿದರೆ ಗೊತ್ತಾಗುತ್ತದೆ, ಒಡೆದರೆ ನೋವಾಗುತ್ತದೆ. ಶ್ವಾಸಕೋಶ ಆ ಗುಮ್ಮಟದ ಒಳಮೈಗೆ ಹತ್ತಿಕೊಂಡೇ ಇದೆ. ಹಾಗಾಗಿ ಬೆನ್ನಿನ ಬಿರುಕಿನಲ್ಲಿ ನೊರೆ ಗುಳ್ಳೆ ಬಂದರೆ ಹುಡುಗರ ಮುಖ ಗಂಭೀರವಾಗುತ್ತದೆ. ನಮ್ಮ ಎದೆಗೂಡಿಗೆ ತೂತಾದರೆ ಶ್ವಾಸಕೋಶ ಕುಸಿದುಹೋಗುತ್ತದೆ. ಆಮೆ ಉಸಿರಾಡುವ ರೀತಿಯೇ ಬೇರೆ. ಅದಕ್ಕೆ ನಮ್ಮ ಹಾಗೆ ಎದೆ, ಹೊಟ್ಟೆ ನಡುವೆ ವಪೆ ಅನ್ನುವ ಸ್ನಾಯುಪೊರೆ ಇಲ್ಲ, ಕೈಕಾಲಿನ ಬುಡದ ಸ್ನಾಯುಗಳು ಸೇರಿ ಆ ಕೆಲಸ ಮಾಡುತ್ತವೆ. ಅದಕ್ಕೇ ನೋಡಿದವರು ಇದು ಬದುಕಲ್ಲ ಬಿಡಿ ಅಂದದ್ದು ಎಷ್ಟೋ ಸಲ ಬದುಕುತ್ತದೆ. ಬಿರುಕು ನಡುಬೆನ್ನಿನ ಗೆರೆಗೆ ಬಂದಿದ್ದು ಹಿಂಗಾಲು ಅಲುಗಾಡದಿದ್ದರೆ ಮಾತ್ರ ಯಾರೂ ಏನೂ ಮಾತಾಡುವುದಿಲ್ಲ.

ಒಡೆದ ತುಂಡುಗಳನ್ನು ಜೋಡಿಸಲು ಇವರು ಬಳಸುವುದು ಬ್ಲೌಸ್ ಹುಕ್ಕು. ನಿಜ ಹೇಳುತ್ತಿದ್ದೇನೆ. ಬಿರುಕಿನ ಎರಡೂ ಕಡೆ ಸಾಲಾಗಿ ಹುಕ್ಕುಗಳನ್ನು ಎಪಾಕ್ಸಿ ಗಮ್‌ನಿಂದ ಅಂಟಿಸಿ, ಗಮ್ ಒಣಗಿದ ಮೇಲೆ ಸಣ್ಣ ತಂತಿಯನ್ನು ಆ ಕಡೆ ಈ ಕಡೆ ಸುತ್ತಿ ದಿನಕ್ಕಿಷ್ಟು ಬಿಗಿ ಮಾಡುತ್ತಾರೆ. ತುಂಡುಗಳು ಹತ್ತಿರ ಬಂದು ಕೂಡುತ್ತವೆ. ಬಿರುಕಿನೊಳಗೆ ಗಮ್ ಹೋಗಬಾರದು, ಹೋದರೆ ಮೂಳೆ ಕೂಡುವುದಿಲ್ಲ. ಮೊದಲೆಲ್ಲ ಇಡೀ ಗಾಯವನ್ನು ಫೈಬರ್‌ಗ್ಲಾಸ್‌ನಿಂದ ಮುಚ್ಚಿಬಿಡುವ ಪದ್ಧತಿ ಇತ್ತಂತೆ. ಒಳಗೆ ಕೀವಾದರೂ ಗೊತ್ತಾಗುತ್ತಿರಲಿಲ್ಲ, ಮರಿಯಾಗಿದ್ದರೆ ಬೆಳೆಯಲೂ ಬಿಡುತ್ತಿರಲಿಲ್ಲ. ಈಗ ಗಾಯ ಕಣ್ಣಿಗೆ ಕಾಣುವ ಹಾಗೆ ಬಿಟ್ಟು ತೊಳೆಯುತ್ತಾ ಹೋಗುವುದು ರೂಢಿ. ಈ ಹುಕ್ಕಿನ ಉಪಾಯ ನಮ್ಮ ಹುಡುಗರದ್ದಲ್ಲ. 2019ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ಒಂದು ರಕ್ಷಣಾ ಕೇಂದ್ರ ಆಮೆಗಳಿಗಾಗಿ ಹಳೇ ಬ್ರಾಗಳ ಹುಕ್ಕು ಕಳಿಸಿ ಅಂತ ಜನರನ್ನು ಕೇಳಿ ದೊಡ್ಡ ಸುದ್ದಿಯಾಗಿತ್ತು. ಅದೇ ರಾಜ್ಯದ ಸ್ಟೇಟ್ ಯೂನಿವರ್ಸಿಟಿಯ ಪಶುವೈದ್ಯ ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ನಡೆಸುವ ಆಮೆ ರಕ್ಷಣಾ ತಂಡ 1990ರ ದಶಕದಿಂದಲೂ ಇದೆ. ಅದನ್ನು ಓದಿಯೇ ಇವರಿಗೂ ಹುರುಪು ಬಂದದ್ದು. ಹಾಸನದಲ್ಲಿ ಬ್ರಾ ಹುಕ್ಕು ಕಳಿಸಿ ಅಂತ ಪೋಸ್ಟ್ ಹಾಕಿದರೆ ಏನಾಗುತ್ತದೆ ಅಂತ ಹುಡುಗಿಯರಿಗೆ ಗೊತ್ತು. ಸುಮ್ಮನೆ ಫ್ಯಾನ್ಸಿ ಸ್ಟೋರಿಗೆ ಹೋಗಿ ಬ್ಲೌಸ್ ಹುಕ್ಕಿನ ಶೀಟ್ ತಂದರು. ಮೆದುಚಿಪ್ಪಿನ ಆಮೆಗೆ ಇದು ನಡೆಯುವುದಿಲ್ಲ, ಮೇಲೆ ಚರ್ಮ ಇರುವುದರಿಂದ ಹೊಲಿಗೆಯೇ ಗತಿ.

ಔಷಧದಲ್ಲೂ ಹಾಗೇ ನಿಧಾನ. ನಮಗೆ ದಿನಕ್ಕೆರಡು ಸಲ ಕೊಡುವಂಥ ಆ್ಯಂಟಿಬಯೋಟಿಕ್ ಇದಕ್ಕೆ ಮೂರು ದಿನಕ್ಕೊಮ್ಮೆ ಕೊಟ್ಟರೆ ಸಾಕು, ಅದರ ಮೈ ಅಷ್ಟು ನಿಧಾನವಾಗಿ ಅರಗಿಸುತ್ತದೆ. ಇಂಜೆಕ್ಷನ್ ಮುಂಗಾಲಿಗೆ. ಹಿಂಗಾಲಿನ ರಕ್ತ ಮೈಗೆಲ್ಲ ಹೋಗುವ ಮೊದಲೇ ಕಿಡ್ನಿ ದಾಟುವ ಸಾಧ್ಯತೆ ಇರುವುದರಿಂದ ಹಾಗೆ. ಸತ್ತಿದೆ ಅಂತ ಹೇಳುವುದಕ್ಕೂ ಅವಸರ ಮಾಡುವಂತಿಲ್ಲ. ಗರ್ಭಿಣಿಯರಿಗೆ ಮಗುವಿನ ಎದೆಬಡಿತ ಕೇಳಿಸುವ ಪುಟ್ಟ ಡಾಪ್ಲರ್ ಯಂತ್ರವನ್ನು ಕತ್ತಿನ ಬುಡಕ್ಕೆ ಹಿಡಿದು ಕೂರುತ್ತಾರೆ. ಬಡಿತ ಬಹಳ ಹೊತ್ತಿಗೊಂದು ಬರಬಹುದು. ಬಡಿತ ಇದ್ದರೂ ಬದುಕಿಲ್ಲದಿರಬಹುದು, ಬಡಿತ ಕೇಳದಿದ್ದರೂ ಬದುಕಿರಬಹುದು. ಅದಕ್ಕೇ ಅಲ್ಲಿ ಒಂದು ನಿಯಮ ಇದೆ: ರಾತ್ರಿ ಯಾವ ಆಮೆಯೂ ಸತ್ತಿದೆ ಅಂತ ಬರೆಯುವಂತಿಲ್ಲ, ಬೆಳಿಗ್ಗೆ ನೋಡಿ ಬರೆಯಬೇಕು.

ಒಂದು ಸಲ ಬೇಲೂರು ರಸ್ತೆಯಿಂದ ಬಂದ ಕಪ್ಪಾಮೆ ಹಾಗೆ ಬೆಳಿಗ್ಗೆ ಸತ್ತಿತ್ತು. ಹಿಂದಿನ ಸಂಜೆ ತೆಗೆದ ಎಕ್ಸ್‌ರೇಯಲ್ಲಿ ಹೊಟ್ಟೆಯೊಳಗೆ ಮೊಟ್ಟೆಗಳು ಕಂಡಿದ್ದವು. ಅಂತಿಮ ವರ್ಷದ ಹುಡುಗಿ ಒಂದು ಮಾತೂ ಆಡದೆ ಕೈ ತೊಳೆದುಕೊಂಡು ಬಂದು ಮೊಟ್ಟೆ ಹೊರತೆಗೆದಳು. ಒಂದೊಂದರ ಮೇಲೂ ಪೆನ್ಸಿಲ್‌ನಲ್ಲಿ ಗುರುತು ಹಾಕಿದಳು. ಕೋಳಿ ಮೊಟ್ಟೆಯನ್ನು ಕೋಳಿ ಹೊರಳಿಸುತ್ತಿರುತ್ತದೆ. ಆಮೆ ಮೊಟ್ಟೆಯನ್ನು ಹೊರಳಿಸಿದರೆ ಒಳಗಿನದು ಸಾಯುತ್ತದೆ, ಮೇಲಿದ್ದದ್ದು ಮೇಲೇ ಇರಬೇಕು. ಅರಸೀಕೆರೆಯ ಹುಡುಗ ಊರಿಂದ ತೆಂಗಿನ ನಾರಿನ ಪುಡಿ ಚೀಲ ತಂದ. ಅದನ್ನು ತೇವ ಮಾಡಿ, ಐಸ್‌ಕ್ರೀಂ ಡಬ್ಬಿಗೆ ತುಂಬಿ, ಅರ್ಧ ಹೂತಿಟ್ಟರು. ಬಹಳಷ್ಟು ಆಮೆಗಳಲ್ಲಿ ಗಂಡೋ ಹೆಣ್ಣೋ ಅನ್ನೋದನ್ನು ಮೊಟ್ಟೆಗೆ ಸಿಗುವ ಶಾಖವೇ ನಿರ್ಧರಿಸುತ್ತದೆ. ಜಾಸ್ತಿ ಶಾಖ ಇದ್ದರೆ ಸಾಮಾನ್ಯವಾಗಿ ಹೆಣ್ಣು. ಹಾಗಾಗಿ ಡಬ್ಬಿ ಎಲ್ಲಿಡಬೇಕು ಅನ್ನೋದಕ್ಕೇ ದೊಡ್ಡ ಜಗಳವಾಯಿತು. ತಿಂಗಳುಗಳು ಕಳೆದು ಎರಡು ಮರಿ ಬಂದವು. ಉಳಿದವು ಕೆಟ್ಟವು. ಆ ಎರಡನ್ನು ಬೇಲೂರು ರಸ್ತೆ ಪಕ್ಕದ ಅದೇ ಕೆರೆಗೆ ಬಿಟ್ಟರು. ತಾಯಿ ಎಲ್ಲಿ ಸಿಕ್ಕಿತು ಅಂತ ತಂದ ಆಟೋದವರು ಮೈಲಿಗಲ್ಲಿನ ಸಮೇತ ಹೇಳಿದ್ದರಿಂದ ಅದು ಸಾಧ್ಯವಾಯಿತು.

ಹೀಗೆ ಹೇಳುವವರು ಕಡಿಮೆ. ಧರ್ಮಸ್ಥಳಕ್ಕೆ ಹೋಗಿ ಬರುತ್ತಿದ್ದ ಒಂದು ಕುಟುಂಬ ದಾರಿಯಲ್ಲಿ ಸಿಕ್ಕ ಆಮೆಯನ್ನು ಕಾರಿನಲ್ಲಿಟ್ಟುಕೊಂಡು ಹಾಸನಕ್ಕೆ ಬಂತು. ಒಳ್ಳೆಯ ಜನ. ಮಗುವಿನ ಶಾಲು ಹೊದಿಸಿ ತಂದಿದ್ದರು. ಎಲ್ಲಿ ಸಿಕ್ತು ಸರ್ ಅಂದರೆ "ಘಾಟಿ ಹತ್ತಿದ ಮೇಲೆ ಎಲ್ಲೋ ದಾರೀಲಿ ಕಣಮ್ಮ" ಅಂದರು. ಎರಡನೇ ವರ್ಷದ ಹುಡುಗಿ ಬಿಡಲಿಲ್ಲ. ಘಾಟಿ ಹತ್ತಿದ ಮೇಲೆ ಟೀ ಕುಡಿದ್ರಾ ಸರ್? ಕುಡಿದೆವು. ಫೋನ್‌ಪೇ ಮಾಡಿದ್ರಾ? ಮಾಡಿದೆವು. ತೆಗೀರಿ ನೋಡೋಣ. ಟೀ ಅಂಗಡಿಯ ಹೆಸರು ಬಂತು, ಸಮಯ ಬಂತು. ಆಮೆ ಸಿಕ್ಕಿದ್ದು ಟೀಗೆ ಮುಂಚೆಯೋ ಆಮೇಲೋ? ಅವರ ಹೆಂಡತಿಗೆ ನೆನಪಿತ್ತು, "ಟೀ ಕುಡಿದು ಕಾರು ಹತ್ತಿ ಮಗು ನಿದ್ದೆ ಹೋಗೋದ್ರೊಳಗೆ". ಅಲ್ಲಿಗೆ ದೋಣಿಗಲ್‌ನಿಂದ ಸಕಲೇಶಪುರದ ನಡುವೆ ಸ್ವಲ್ಪ ದೂರಕ್ಕೆ ಲೆಕ್ಕ ಬಂದು ನಿಂತಿತು. ಆ ಮೇಲೆ ಮಗು ಎದ್ದು "ಅಲ್ಲಿ ಸೇತುವೆ ಇತ್ತು, ಹಳದಿ ಬಣ್ಣದ್ದು" ಅಂತ ಹೇಳಿ ಕೇಸು ಮುಗಿಸಿತು.

ಇಷ್ಟು ಹಠ ಯಾಕೆ ಅಂದರೆ, ಆಮೆಗೆ ತನ್ನ ಜಾಗ ಗೊತ್ತು. ಯಾವ ಹೊಂಡದಲ್ಲಿ ಕೊನೇವರೆಗೂ ನೀರಿರುತ್ತದೆ, ಯಾವ ದಿಣ್ಣೆಯ ಮಣ್ಣು ಮೊಟ್ಟೆಗೆ ಸರಿ, ಬೇಸಿಗೆಯಲ್ಲಿ ಎಲ್ಲಿ ಹೂತುಕೊಳ್ಳಬೇಕು ಅಂತ ವರ್ಷಗಟ್ಟಲೆ ಅಲ್ಲೇ ಇದ್ದು ಕಲಿತಿರುತ್ತದೆ. ಅಮೆರಿಕದಲ್ಲಿ ಬಾಕ್ಸ್ ಟರ್ಟಲ್ ಅನ್ನುವ ಆಮೆಗಳನ್ನು ಬೇರೆ ಕಡೆ ಬಿಟ್ಟು ಹಿಂಬಾಲಿಸಿ ನೋಡಿದ್ದಾರೆ. ಎಷ್ಟೋ ಆಮೆಗಳು ಹೊಸ ಜಾಗದಲ್ಲಿ ನೆಲೆ ನಿಲ್ಲದೆ ಅಲೆಯುತ್ತವೆ, ಅಲೆದು ಮತ್ತೆ ರಸ್ತೆಗೆ ಬರುತ್ತವೆ. ರಸ್ತೆ ದಾಟಿಸುವಾಗಲೂ ಅದು ಯಾವ ಕಡೆ ಮುಖ ಮಾಡಿತ್ತೋ ಆ ಕಡೆಗೇ ಬಿಡಬೇಕು ಅನ್ನುವುದು ಇದಕ್ಕೇ. ವಾಪಸ್ ತಂದು ಬಿಟ್ಟರೆ ಅದು ಇನ್ನೊಮ್ಮೆ ಹೊರಡುತ್ತದೆ, ಅಷ್ಟೇ. ಜಾಗ ಗೊತ್ತಿಲ್ಲದ ಆಮೆಯನ್ನು ಬೇರೆ ಕೆರೆಗೆ ಬಿಟ್ಟರೆ ಇಲ್ಲಿಯ ರೋಗ ಅಲ್ಲಿಗೆ ಹೋಗುವ ಭಯವೂ ಇದೆ. ನನ್ನ ಪಾಠದ ಭಾಷೆಯಲ್ಲಿ ಹೇಳುವುದಾದರೆ ಅದು ಓಪನಿಂಗ್ ಬ್ಯಾಲೆನ್ಸ್ ಇಲ್ಲದ ಖಾತೆ. ಮಧ್ಯದ ಎಂಟ್ರಿಗಳನ್ನು ಎಷ್ಟು ಚೆಂದ ಬರೆದರೂ ಟ್ಯಾಲಿ ಆಗುವುದಿಲ್ಲ.

ಇದರ ಕೆಟ್ಟ ರೂಪ ಕಾಣುವುದು ನಕ್ಷತ್ರ ಆಮೆಯಲ್ಲಿ. ಮನೆಯಲ್ಲಿಟ್ಟರೆ ದುಡ್ಡು ಬರುತ್ತದೆ ಅಂತ ಯಾರೋ ಹೇಳಿ, ಯಾರೋ ಕೊಟ್ಟು, ಬೀರು ಕೆಳಗೆ ವರ್ಷಗಟ್ಟಲೆ ಅನ್ನ, ಹಾಲು, ಬ್ರೆಡ್ಡು ತಿಂದು ಬದುಕಿದ ಆಮೆಗಳು ಕೊನೆಗೊಂದು ದಿನ ಚೀಲದಲ್ಲಿ ಬರುತ್ತವೆ. ಹುಲ್ಲು, ಸೊಪ್ಪು, ಪಾಪಾಸುಕಳ್ಳಿ ತಿನ್ನಬೇಕಾದ ಪ್ರಾಣಿ. ಬಿಸಿಲು, ಸುಣ್ಣದಂಶ ಎರಡೂ ಇಲ್ಲದೆ ಚಿಪ್ಪು ಒತ್ತಿದರೆ ತಗ್ಗುವಷ್ಟು ಮೆತ್ತಗಾಗಿರುತ್ತದೆ. ಇನ್ನು ಕೆಲವದ್ದು ಗೋಪುರ ಗೋಪುರವಾಗಿ ಎದ್ದಿರುತ್ತದೆ. ದುಡ್ಡು ಬಂತಾ ಅಂತ ಕೇಳಬೇಕು ಅನ್ನಿಸುತ್ತದೆ, ಕೇಳುವುದಿಲ್ಲ. ಕೇಳಿದರೆ ಮುಂದಿನವರು ತಂದುಕೊಡದೆ ಎಲ್ಲೋ ಎಸೆದು ಹೋಗುತ್ತಾರೆ. ಈ ಆಮೆ 2019ರಿಂದ ಅಂತರರಾಷ್ಟ್ರೀಯ ವ್ಯಾಪಾರ ಪೂರ್ತಿ ನಿಷೇಧವಾದ ಪಟ್ಟಿಯಲ್ಲಿದೆ. ನಮ್ಮ ಕಾಯ್ದೆಯಲ್ಲೂ 2022ರ ತಿದ್ದುಪಡಿಯ ನಂತರ ಮೊದಲನೇ ಪರಿಚ್ಛೇದಕ್ಕೆ ಬಂದಿದೆ, ಅಂದರೆ ಹುಲಿಯ ಸಾಲಿಗೆ. ಅದಕ್ಕೆ ಚಿಕಿತ್ಸೆ ಕೊಡಬಹುದು, ಚಿಪ್ಪು ಗಟ್ಟಿ ಮಾಡಬಹುದು. ಆಮೇಲೆ? ನಕ್ಷತ್ರ ಆಮೆ ಗುಜರಾತ್, ರಾಜಸ್ಥಾನದ ಕಡೆಯೂ ಇದೆ, ದಕ್ಷಿಣದಲ್ಲೂ ಇದೆ, ಶ್ರೀಲಂಕಾದಲ್ಲೂ ಇದೆ. ಆ ಗುಂಪುಗಳು ವಂಶದಲ್ಲಿ ಒಂದೇ ಅಲ್ಲ. ಬೀರು ಕೆಳಗಿನದ್ದು ಎಲ್ಲಿಯದು ಅಂತ ಗೊತ್ತಿಲ್ಲದೆ ಕಡೂರಿನ ಕಾವಲಿನಲ್ಲಿ ಬಿಡುವ ಹಾಗಿಲ್ಲ. ಇಲಾಖೆಯವರು ತೆಗೆದುಕೊಂಡು ಹೋಗುತ್ತಾರೆ. ಗುಣವಾದರೂ ಅದು ಬೇಲಿಯೊಳಗೇ ಮುದಿಯಾಗುತ್ತದೆ.

ಕೆಂಪು ಕಿವಿಯ ಆಮೆ ಇದಕ್ಕೆ ಉಲ್ಟಾ. ಅದರ ಊರು ಅಮೆರಿಕ ಅಂತ ಚೆನ್ನಾಗಿ ಗೊತ್ತು. ಅಕ್ವೇರಿಯಂ ಅಂಗಡಿಯಲ್ಲಿ ನಾಣ್ಯದಷ್ಟು ಇರುತ್ತದೆ, ಬೆಳೆದು ತಟ್ಟೆಯಷ್ಟಾದಾಗ ಜನ ಪುಣ್ಯ ಬರಲಿ ಅಂತ ಕೆರೆಗೋ ಕಲ್ಯಾಣಿಗೋ ಬಿಡುತ್ತಾರೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದೂ ಒಂದು. ನಮ್ಮ ಆಮೆಗಳ ಊಟ, ಬಿಸಿಲು ಕಾಯುವ ಕಲ್ಲು ಎರಡಕ್ಕೂ ಪೈಪೋಟಿ. ಬಿಡಬೇಡಿ, ಅಷ್ಟೇ.

ಚಿಪ್ಪಿನ ಮೂಳೆ ಕೂಡಲು ತಿಂಗಳುಗಳು ಬೇಕು. ದೊಡ್ಡ ಗಾಯವಾದರೆ ವರ್ಷವೂ ದಾಟುತ್ತದೆ. ಪಶುವೈದ್ಯ ಕೋರ್ಸು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಅದರಲ್ಲಿ ಒಬ್ಬರಿಗೆ ಆಮೆ ಕೆಲಸಕ್ಕೆ ನಿಜವಾಗಿ ಸಿಗುವುದು ಎರಡೋ ಮೂರೋ ಮಳೆಗಾಲ. ಹುಕ್ಕು ಅಂಟಿಸಿದವಳು ಬೀದರ್‌ಗೋ ಬೆಂಗಳೂರಿಗೋ ಹೋಗಿರುತ್ತಾಳೆ, ತಂತಿ ಬಿಚ್ಚುವವನು ಆಗ ಪಿಯು ಓದುತ್ತಿದ್ದ. ಇವರ ನಡುವೆ ಇರುವುದು ಒಂದು ರೂಲ್ಡ್ ರಿಜಿಸ್ಟರ್. ಅದನ್ನು ಅಚ್ಚುಕಟ್ಟಾಗಿ ಇಡುವುದು ಈಗ ನನ್ನ ಪಾಲಿಗೆ ಬಂದಿದೆ. ತೂಕ, ಔಷಧ, ತಿಂದದ್ದು ಎಲ್ಲಕ್ಕೂ ಕಾಲಂ ಇದೆ. ಜಾಗದ ಕಾಲಂ ಮಾತ್ರ ಬೇರೆ ಪುಸ್ತಕದಲ್ಲಿ, ಬೀಗದೊಳಗೆ. ಯಾಕೆಂದರೆ ನಕ್ಷತ್ರ ಆಮೆ ಇಂಥ ಗುಡ್ಡದಲ್ಲಿದೆ ಅಂತ ಗೊತ್ತಾದರೆ ಮೊದಲು ಬರುವವರು ಹಿಡಿಯುವವರು. ಗುಣವಾದ ಆಮೆಯನ್ನು ಬಿಡುವಾಗ ಫೋಟೋ ತೆಗೆದು ಲೊಕೇಶನ್ ಸಮೇತ ಹಾಕುವ ಗೀಳು ಇದೆಯಲ್ಲ, ಅದನ್ನು ಇಲ್ಲಿ ಕಟ್ಟುನಿಟ್ಟಾಗಿ ನಿಲ್ಲಿಸಿದ್ದಾರೆ. ಹೊಸಬರಿಗೆ ಇದು ಬೇಜಾರು. ಇಷ್ಟು ದಿನ ಹುಳ ತೆಗೆದು, ಬಸವನಹುಳು ಹಿಡಿದು ತಿನ್ನಿಸಿ, ಕೊನೆಗೆ ಒಂದು ಫೋಟೋ ಕೂಡ ಇಲ್ಲ ಅಂದರೆ ಹೇಗೆ ಅಲ್ವಾ? ನನಗೆ ಮೇಷ್ಟ್ರ ಮಾತೇ ಸರಿ ಅನ್ನಿಸುತ್ತದೆ.

ಆ ಬೀಗದ ಪುಸ್ತಕವನ್ನು ಒಂದು ರಜೆಯಲ್ಲಿ ಊರುವಾರು ವಿಂಗಡಿಸಿದೆ. ಅಭ್ಯಾಸಬಲ. ಮಳೆಗಾಲದ ಎಂಟ್ರಿಗಳೆಲ್ಲ ರಸ್ತೆಯವು, ಅದು ಗೊತ್ತಿದ್ದದ್ದೇ. ಏಪ್ರಿಲ್, ಮೇ ತಿಂಗಳಲ್ಲಿ ಬಂದವು ಮಾತ್ರ ಬಯಲುಸೀಮೆಯ ಒಣಗಿದ ಕೆರೆಗಳಿಂದ, ಎಲ್ಲವೂ ಮೆದುಚಿಪ್ಪಿನವು, ಎಲ್ಲಕ್ಕೂ ಒಂದೇ ಥರ ಸೀಳು ಗಾಯ. ಕೆರೆ ಒಣಗುತ್ತಾ ಬಂದ ಹಾಗೆ ಈ ಆಮೆ ಕೆಸರಿನೊಳಗೆ ಹೂತುಕೊಂಡು ಮಳೆ ಬರುವವರೆಗೂ ಮಲಗುತ್ತದೆ. ಹೂಳೆತ್ತುವುದು ಅದೇ ಸಮಯದಲ್ಲಿ. ಬೇಸಿಗೆಯಲ್ಲಲ್ಲದೆ ಇನ್ಯಾವಾಗ ಎತ್ತುತ್ತಾರೆ? ಕೆರೆಗೆ ಹೂಳೆತ್ತುವುದು ಬೇಕೇ ಬೇಕು, ಅದನ್ನು ಬೇಡ ಅನ್ನುವಷ್ಟು ನಮ್ಮ ಹುಡುಗರು ದಡ್ಡರಲ್ಲ. ಎತ್ತಿದ ಮಣ್ಣು ತೋಟಕ್ಕೆ, ಹೊಲಕ್ಕೆ ಚಿನ್ನ. ಆದರೆ ಬಕೆಟ್ಟಿನ ಹಲ್ಲಿಗೆ ಮಲಗಿದ ಆಮೆ ಕಾಣುವುದಿಲ್ಲ. ಟ್ರ್ಯಾಕ್ಟರಿನಲ್ಲಿ ಮಣ್ಣಿನ ಜೊತೆ ತೋಟಕ್ಕೆ ಹೋಗಿ ಅಲ್ಲಿ ಎದ್ದ ಆಮೆಯೂ ಇದೆ.

ಕಡೂರು ಕಡೆಯ ಒಂದು ಹಳ್ಳಿಗೆ ಕೇಳೋಣ ಅಂತ ಹೋದರು, ನಾನೂ ಹೋದೆ. ಕೆಲಸ ನೋಡಿಕೊಳ್ಳುತ್ತಿದ್ದವರು ಒಳ್ಳೆಯ ಮಾತಿನಲ್ಲೇ "ಎಸ್ಟಿಮೇಟ್‌ನಲ್ಲಿ ಆಮೆ ಇಲ್ಲ ಮೇಡಂ" ಅಂದರು. ಅದೂ ಸರಿಯೇ. ಏರಿ ಮೇಲೆ ಎಮ್ಮೆ ಬಿಟ್ಟುಕೊಂಡು ಕೂತಿದ್ದ ಅಜ್ಜ ಎದ್ದು ಬಂದು "ಕೋಡಿ ಕಡೆ ಎಷ್ಟಾದ್ರೂ ತೆಗೀರಿ, ಅಲ್ಲಿ ಯಾವ ಆಮೇನೂ ಇರಲ್ಲ. ತೂಬಿನ ಮುಂದೆ ನೋಡ್ರಿ, ಅದು ಕೊನೆಗೆ ಒಣಗೋ ಜಾಗ" ಅಂದರು. ನಮ್ಮ ರಿಜಿಸ್ಟರಿನಲ್ಲಿ ಬೇರೆ ಬೇರೆ ಕೆರೆಗಳಿಗೆ ಬರೆದದ್ದೂ ಅದೇ: ತೂಬಿನ ಹತ್ತಿರ, ತೂಬಿನ ಎಡಕ್ಕೆ, ತೂಬಿನ ಮುಂದಿನ ಗುಂಡಿ. ಜೆಸಿಬಿ ಹುಡುಗ ಉತ್ತರ ಕರ್ನಾಟಕದವನು. ತೂಬಿನ ಮುಂದಿನ ಭಾಗ ಬರುವ ಮೊದಲು ಗಾಡಿ ನಿಲ್ಲಿಸಿದರೆ ಇವರು ಗುದ್ದಲಿ, ಕೈ ಹಾಕಿ ನೋಡಿ ತೆಗೆಯುತ್ತಾರೆ ಅಂತ ಒಪ್ಪಂದವಾಯಿತು. ಗಾಡಿ ನಿಂತರೂ ಗಂಟೆ ಲೆಕ್ಕ ಓಡುತ್ತದೆ ಅಂತ ಅವನು ನೆನಪಿಸಿದ. ಆ ದುಡ್ಡನ್ನು ಹುಡುಗರು ಚಂದಾ ಎತ್ತಿ ಕೊಟ್ಟರು, ಅರ್ಧ ಅಜ್ಜ ಕೊಡಿಸಿದರು. ಕೆಸರಿನಿಂದ ಎತ್ತಿದ ಆಮೆಗಳನ್ನು ಅದೇ ಕೆರೆಯ ಅಂಗಳದಲ್ಲಿ, ಹೂಳೆತ್ತದೆ ಬಿಟ್ಟ ಮೂಲೆಯಲ್ಲಿ ತೇವ ಇರುವ ಕಡೆ ಹೂತರು. ಗಾಯವಾದದ್ದು ಒಂದೂ ಇರಲಿಲ್ಲ. ಹಾಗಾಗಿ ಆ ದಿನದ ಬಗ್ಗೆ ಚಿಕಿತ್ಸೆಯ ರಿಜಿಸ್ಟರಿನಲ್ಲಿ ಏನೂ ಇಲ್ಲ.

ಈ ವರ್ಷ ಇನ್ನೊಂದು ಕೆರೆಯಲ್ಲಿ ಕೆಲಸ ಶುರುವಾಗುತ್ತದಂತೆ, ಅಜ್ಜನ ನೆಂಟರ ಊರು. ಅದೇ ಹೊತ್ತಿಗೆ ಹುಡುಗರಿಗೆ ಪರೀಕ್ಷೆ. ತೂಬಿನ ಹತ್ತಿರ ನಿಲ್ಲಲು ನನ್ನನ್ನು ಕೇಳಿದ್ದಾರೆ. ನನಗೆ ರಜೆ ಇರುತ್ತದೆ, ಹೋಗುತ್ತೇನೆ. ಗುದ್ದಲಿ ಹಿಡಿಯಲು ಊರಿನ ಇಬ್ಬರು ಬರುತ್ತಾರೆ ಅಂತ ಅಜ್ಜ ಫೋನಿನಲ್ಲಿ ಹೇಳಿದರು. ಕೂಲಿ ಎಷ್ಟು ಅಂತ ಕೇಳಿದ್ದಕ್ಕೆ "ಮೊದ್ಲು ಬನ್ನಿ, ಆಮೇಲೆ ನೋಡಾಣ" ಅಂದರು. ದಪ್ಪ ಕೈಗವಸು ಒಂದು ಜೊತೆ ತೆಗೆದುಕೊಳ್ಳಬೇಕು. ಮೆದುಚಿಪ್ಪಿನದ್ದು ಕಚ್ಚಿದರೆ ಬೇಗ ಬಿಡುವುದಿಲ್ಲ.